ಟೊಮೇಟೊ ಕಾಯಿ ಕರಿದರೆ ಹಿಟ್ಟು ಕಳಚಿ ಬರುತ್ತದೆ, ಏನು ಮಾಡಲಿ?

ಪ್ರಶ್ನೆ: ನಾವು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿದ್ದೇವೆ. ಹಿತ್ತಲಿನ ಟೊಮೇಟೊ ಗಿಡಗಳಲ್ಲಿ ಇನ್ನೂ ತುಂಬ ಕಾಯಿ ಇವೆ. ಚಳಿ ಶುರುವಾಗಿದೆ, ಅವು ಹಣ್ಣಾಗುವ ಲಕ್ಷಣ ಕಾಣುತ್ತಿಲ್ಲ. ಪಕ್ಕದ ಮನೆಯವರು ಫ್ರೈಡ್ ಗ್ರೀನ್ ಟೊಮೇಟೊ ಮಾಡಿ ಕೊಟ್ಟಿದ್ದರು, ಎಲ್ಲರಿಗೂ ಇಷ್ಟವಾಯಿತು. ನಾನು ಮಾಡಿದರೆ ಹಿಟ್ಟೆಲ್ಲ ಕಳಚಿ ಎಣ್ಣೆಯಲ್ಲೇ ಉಳಿಯುತ್ತದೆ. ಉಳಿದದ್ದು ಮೆತ್ತಗಾಗಿ ಎಣ್ಣೆ ಕುಡಿದಿರುತ್ತದೆ. ಕಾರ್ನ್‌ಮೀಲ್ ಬದಲು ಮನೆಯಲ್ಲಿದ್ದ ಕಾರ್ನ್ ಫ್ಲೋರ್ ಹಾಕಿದ್ದೆ, ಅದೇ ತಪ್ಪಾಯಿತೇ? ಮನೆಯಲ್ಲಿ ಮೊಟ್ಟೆ ತಿನ್ನದವರೂ ಇದ್ದಾರೆ. ಟೊಮೇಟೊ ಕಾಯಿ ವಿಷ ಎಂದು ನಮ್ಮ ಅತ್ತೆ ಹೇಳುತ್ತಾರೆ, ಅದು ನಿಜವೇ?

ಉತ್ತರ:

ಹಿಟ್ಟು ಕಳಚುವುದು, ಮೆತ್ತಗಾಗುವುದು, ಎಣ್ಣೆ ಕುಡಿಯುವುದು, ಈ ಮೂರಕ್ಕೂ ಕಾರಣ ಒಂದೇ: ನೀರು. ಟೊಮೇಟೊ ಕಾಯಿ ಮುಟ್ಟಿದರೆ ಕಲ್ಲಿನ ಹಾಗೆ ಗಟ್ಟಿಯಾಗಿರುತ್ತದೆ, ಆದರೂ ಅದರ ತೂಕದಲ್ಲಿ ಶೇಕಡ 90ಕ್ಕಿಂತ ಜಾಸ್ತಿ ನೀರೇ. ಕಾದ ಎಣ್ಣೆಗೆ ಬಿದ್ದ ಕೂಡಲೇ ಆ ನೀರು ಹಬೆಯಾಗುತ್ತದೆ. ಹಬೆ ಹಿಟ್ಟಿನ ಪದರದ ಮೂಲಕ ಸಲೀಸಾಗಿ ಹೊರಗೆ ಹೋದರೆ ಪದರ ಒಣಗಿ ಗರಿಗರಿಯಾಗುತ್ತದೆ. ಹೋಗಲು ದಾರಿ ಸಿಗದೆ ಕಾಯಿಗೂ ಹಿಟ್ಟಿಗೂ ನಡುವೆ ಸಿಕ್ಕಿಕೊಂಡರೆ ಹಿಟ್ಟನ್ನು ಎಬ್ಬಿಸಿ ಕಳಚಿ ಹಾಕುತ್ತದೆ. ಮುಂದೆ ನಾನು ಹೇಳುವ ಒಂದೊಂದು ಕೆಲಸವೂ ಈ ನೀರನ್ನು ಹತೋಟಿಯಲ್ಲಿಡಲಿಕ್ಕೇ.

ಮೊದಲು ಕಾರ್ನ್ ಫ್ಲೋರ್ ವಿಷಯ. ನಮ್ಮ ಅಂಗಡಿಗಳಲ್ಲಿ ಆ ಹೆಸರಿನಲ್ಲಿ ಸಿಗುವ, ಗೋಬಿ ಮಂಚೂರಿಗೆ ಬಳಸುವ ನುಣ್ಣನೆಯ ಬಿಳಿ ಪುಡಿ ಮೆಕ್ಕೆಜೋಳದ ಗಂಜಿ ಮಾತ್ರ. ಕಾರ್ನ್‌ಮೀಲ್ ಎಂದರೆ ಒಣಗಿದ ಮೆಕ್ಕೆಜೋಳವನ್ನು ತರಿತರಿಯಾಗಿ ಬೀಸಿದ ಹಿಟ್ಟು, ಹೆಚ್ಚುಕಡಿಮೆ ಸಣ್ಣ ರವೆಯ ಹಾಗೆ. ಗಂಜಿಪುಡಿ ಒಂದನ್ನೇ ಹಚ್ಚಿದರೆ ಒದ್ದೆ ಟೊಮೇಟೊ ಮೇಲೆ ಅಂಟಂಟಾದ ಪದರವಾಗುತ್ತದೆ, ಹಬೆಗೆ ದಾರಿ ಕೊಡುವುದಿಲ್ಲ. ಕಾರ್ನ್‌ಮೀಲಿನ ತರಿಗಳು ಬೇಗ ನೀರು ಎಳೆದುಕೊಳ್ಳುವುದಿಲ್ಲ, ತರಿಗಳ ಸಂದಿನಲ್ಲಿ ಹಬೆ ಹೊರಗೆ ಹೋಗುತ್ತದೆ. ಆದ್ದರಿಂದ ಹೌದು, ನಿಮ್ಮ ಅರ್ಧ ತೊಂದರೆ ಅಲ್ಲೇ ಇತ್ತು.

ನೀವಿರುವ ಊರಿನ ಯಾವ ದಿನಸಿ ಅಂಗಡಿಯಲ್ಲೂ ಕಾರ್ನ್‌ಮೀಲ್ ಸಿಗುತ್ತದೆ. ಬಿಳಿ, ಹಳದಿ ಯಾವುದಾದರೂ ಆಗಬಹುದು. ತೀರ ದಪ್ಪ ತರಿ ಬೇಡ, ಹಲ್ಲಿಗೆ ಮರಳು ಸಿಕ್ಕಿದಂತಾಗುತ್ತದೆ. ಸಣ್ಣದು ಅಥವಾ ಮಧ್ಯಮ ತರಿ ತನ್ನಿ. ಪೊಟ್ಟಣದ ಮೇಲೆ ಏನು ಬರೆದಿದೆ ನೋಡಿಕೊಳ್ಳಿ. ಸೆಲ್ಫ್ ರೈಸಿಂಗ್ ಎಂದಿದ್ದರೆ ಅದರಲ್ಲಿ ಬೇಕಿಂಗ್ ಪೌಡರ್ ಮತ್ತು ಉಪ್ಪು ಮೊದಲೇ ಸೇರಿರುತ್ತವೆ, ನೀವು ಹಾಕುವ ಉಪ್ಪು ಕಡಿಮೆ ಮಾಡಬೇಕು. ಕಾರ್ನ್ ಮಫಿನ್ ಮಿಕ್ಸ್ ಎಂಬುದನ್ನಂತೂ ಮುಟ್ಟಬೇಡಿ, ಅದರಲ್ಲಿ ಸಕ್ಕರೆ ಇರುತ್ತದೆ. ಟೊಮೇಟೊ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ.

ಈಗ ಕಾಯಿಯ ಆಯ್ಕೆ. ಹಸಿರಾಗಿರುವುದೆಲ್ಲ ಒಂದೇ ಅಲ್ಲ. ಗಿಡದ ಮುಂದೆ ನಿಂತು ನೋಡಿದರೆ ಮೂರು ಬಗೆ ಕಾಣುತ್ತವೆ. ಕಡು ಹಸಿರಿನ, ಚಿಕ್ಕ, ತುಂಬ ಗಟ್ಟಿಯಾದ ಎಳೆ ಕಾಯಿ. ಪೂರ್ತಿ ಗಾತ್ರಕ್ಕೆ ಬಂದು, ಹಸಿರು ತಿಳಿಯಾಗಿ, ತುದಿಯ ಕಡೆ ಸ್ವಲ್ಪ ಬೆಳ್ಳಗಾಗಿ ಹೊಳೆಯುವ ಬಲಿತ ಕಾಯಿ. ತುದಿಯಲ್ಲಿ ನಸುಗೆಂಪು ಕಾಣಿಸಿಕೊಂಡ ದೋರೆಗಾಯಿ. ಕರಿಯಲು ಬೇಕಾದದ್ದು ನಡುವಿನದು. ಅನುಮಾನ ಬಂದರೆ ಒಂದನ್ನು ಕೊಯ್ದು ನೋಡಿ. ಎಳೆಯದರ ಒಳಗೆ ಲೋಳೆ ಇರುವುದಿಲ್ಲ, ಚಾಕು ಬೀಜಗಳನ್ನೂ ಕತ್ತರಿಸಿಕೊಂಡು ಹೋಗುತ್ತದೆ. ಬಲಿತದ್ದರಲ್ಲಿ ಬೀಜದ ಸುತ್ತ ಲೋಳೆ ಕಟ್ಟಿರುತ್ತದೆ, ಬೀಜ ಚಾಕುವಿಗೆ ಸಿಗದೆ ಜಾರುತ್ತದೆ. ಈ ಬಲಿತ ಕಾಯಿಯಲ್ಲೇ ಹುಳಿಯ ಜೊತೆ ಒಂದಿಷ್ಟು ಟೊಮೇಟೊ ರುಚಿಯೂ ಇರುತ್ತದೆ, ಕರಿದಾಗ ಆಕಾರವೂ ಕೆಡುವುದಿಲ್ಲ. ಎಳೆಯದನ್ನೂ ಕರಿಯಬಹುದು, ಆದರೆ ಸ್ವಲ್ಪ ಕಹಿ ಮತ್ತು ಬಿರುಸು. ದೋರೆಗಾಯಿ ಬೇಡ. ಹೊರಗಿನ ಹಿಟ್ಟು ಬಣ್ಣ ಬರುವಷ್ಟರಲ್ಲಿ ಒಳಗೆ ಕರಗಿ ಹೋಗಿರುತ್ತದೆ. ಪೇಟೆಯಲ್ಲಿ ಗ್ರೀನ್ ಜೀಬ್ರಾದಂಥ ತಳಿಗಳೂ ಸಿಗುತ್ತವೆ. ಅವು ಹಣ್ಣಾದ ಮೇಲೂ ಹಸಿರಾಗೇ ಇರುತ್ತವೆ. ಒತ್ತಿದರೆ ಮೆತ್ತಗಿದ್ದರೆ ಅದು ಹಣ್ಣೇ, ಕಾಯಿ ಅಲ್ಲ. ಅವನ್ನು ಸಲಾಡಿಗೆ ಇಟ್ಟುಕೊಳ್ಳಿ.

ಸಿಪ್ಪೆ ತೆಗೆಯುವ ಕೆಲಸವಿಲ್ಲ, ಬಿಲ್ಲೆ ಹಿಡಿದಿಟ್ಟುಕೊಳ್ಳುವುದೇ ಸಿಪ್ಪೆ. ತೊಟ್ಟಿನ ಭಾಗವನ್ನೂ ತುದಿಯನ್ನೂ ತೆಗೆದುಬಿಡಿ. ಸಿಪ್ಪೆಯ ಮೇಲೆ ಹಿಟ್ಟು ನಿಲ್ಲುವುದಿಲ್ಲ, ಅದಕ್ಕೇ ಎರಡು ತುದಿಯ ಬಿಲ್ಲೆಗಳು ಯಾವಾಗಲೂ ಬೋಳಾಗುತ್ತವೆ. ಉಳಿದದ್ದನ್ನು ಅಡ್ಡಲಾಗಿ, 6ರಿಂದ 8 ಮಿಲಿಮೀಟರ್ ದಪ್ಪಕ್ಕೆ, ಎಲ್ಲ ಒಂದೇ ಸಮ ಇರುವ ಹಾಗೆ ಕೊಯ್ಯಿರಿ. ಇದಕ್ಕಿಂತ ತೆಳುವಾದರೆ ಒಳಗೆ ಟೊಮೇಟೊನೇ ಇಲ್ಲದಂತಾಗುತ್ತದೆ. ಒಂದು ಸೆಂಟಿಮೀಟರ್ ದಾಟಿದರೆ ಹಿಟ್ಟು ಕೆಂಪಾದರೂ ನಡುವೆ ಹಸಿಯೇ ಉಳಿಯುತ್ತದೆ.

ಬಿಲ್ಲೆಗಳನ್ನು ಬಟ್ಟೆಯ ಮೇಲೆ ಹರಡಿ, ಎರಡೂ ಬದಿಗೆ ತೆಳುವಾಗಿ ಉಪ್ಪು ಉದುರಿಸಿ 20ರಿಂದ 30 ನಿಮಿಷ ಬಿಡಿ. ನಾಲ್ಕು ಕಾಯಿಗೆ ಅರ್ಧ ಚಮಚದಷ್ಟು ಉಪ್ಪು ಸಾಕು. ಬಿಲ್ಲೆಗಳ ಮೇಲೆ ನೀರಿನ ಹನಿ ಮೂಡುವುದು ಕಾಣುತ್ತದೆ. ಆಮೇಲೆ ಇನ್ನೊಂದು ಒಣ ಬಟ್ಟೆಯಿಂದ ಒತ್ತಿ ಒತ್ತಿ ಒರೆಸಿ. ಉಪ್ಪು ಹಚ್ಚುವುದು ಬೇಕೇ ಬೇಡವೇ ಎಂಬ ಬಗ್ಗೆ ಅಲ್ಲಿನ ಅಡುಗೆಯವರಲ್ಲೇ ಒಮ್ಮತವಿಲ್ಲ. ನನ್ನ ಅಭಿಪ್ರಾಯ ಹೇಳುತ್ತೇನೆ: ಎಳೆ ಕಾಯಿಗೆ ಬೇಡ, ಒರೆಸಿದರೆ ಸಾಕು. ಲೋಳೆ ತುಂಬಿದ ಬಲಿತ ಕಾಯಿಗೆ ಬೇಕೇ ಬೇಕು. ಒರೆಸುವುದನ್ನು ಮಾತ್ರ ಎರಡಕ್ಕೂ ಬಿಡಬೇಡಿ. ಉಪ್ಪು ಹಚ್ಚಿ ನೀರು ಬರಿಸಿ, ಒರೆಸದೆ ಹಿಟ್ಟಿಗೆ ಹಾಕಿದರೆ ಮೊದಲಿಗಿಂತ ಕೆಟ್ಟದಾಗುತ್ತದೆ.

ಹಿಟ್ಟು ಹಚ್ಚಲು ಮೂರು ತಟ್ಟೆ ಬೇಕು. ಮೊದಲನೆಯದರಲ್ಲಿ ಅರ್ಧ ಕಪ್ ಮೈದಾ. ಎರಡನೆಯದರಲ್ಲಿ ಮುಕ್ಕಾಲು ಕಪ್ ಅಲ್ಲಿನ ಬಟರ್‌ಮಿಲ್ಕ್‌ಗೆ ಒಂದು ಮೊಟ್ಟೆ ಒಡೆದು ಕಲಸಿದ್ದು. ಮೂರನೆಯದರಲ್ಲಿ ಮುಕ್ಕಾಲು ಕಪ್ ಕಾರ್ನ್‌ಮೀಲ್, ಕಾಲು ಕಪ್ ಮೈದಾ, ಅರ್ಧ ಚಮಚ ಉಪ್ಪು, ಅರ್ಧ ಚಮಚ ಕಾಳುಮೆಣಸಿನ ಪುಡಿ, ಕಾಲು ಚಮಚ ಅಚ್ಚಖಾರದ ಪುಡಿ. ನಾಲ್ಕು ಮಧ್ಯಮ ಗಾತ್ರದ ಕಾಯಿಗೆ ಇದು ಸಾಕಾಗುತ್ತದೆ. ಬಟರ್‌ಮಿಲ್ಕ್ ಎಂದ ಕೂಡಲೇ ನಮ್ಮ ಮಜ್ಜಿಗೆ ಹಾಕಿಬಿಡಬೇಡಿ. ಅಮೆರಿಕದ ಅಂಗಡಿಯ ಬಟರ್‌ಮಿಲ್ಕ್ ಮಂದವಾಗಿ, ಹುಳಿಯಾಗಿ ಇರುತ್ತದೆ, ಚಮಚಕ್ಕೆ ಅಂಟಿಕೊಳ್ಳುತ್ತದೆ. ನಮ್ಮ ಮಜ್ಜಿಗೆ ನೀರು, ಹರಿದು ಹೋಗುತ್ತದೆ. ಮನೆಯಲ್ಲಿ ಗಟ್ಟಿ ಮೊಸರಿದ್ದರೆ ಅದಕ್ಕೆ ಸ್ವಲ್ಪವೇ ಹಾಲು ಸೇರಿಸಿ ಕಡೆದುಕೊಳ್ಳಿ, ಅದೇ ಹದ ಬರುತ್ತದೆ.

ಮೊದಲ ಮೈದಾ ಏಕೆ? ಎಷ್ಟು ಒರೆಸಿದರೂ ಕೊಯ್ದ ಮುಖ ಒದ್ದೆಯೇ. ಆ ಒದ್ದೆಯನ್ನು ಮೈದಾ ಹೀರಿಕೊಂಡು, ಮೊಸರು ಹಿಡಿದುಕೊಳ್ಳಲು ಒಂದು ಒರಟು ಮೇಲ್ಮೈ ಕೊಡುತ್ತದೆ. ಆದರೆ ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಮೈದಾ ಹೆಚ್ಚಾದರೆ ಒಳಗೆ ಒಣ ಹಿಟ್ಟಿನ ಪದರವೊಂದು ಉಳಿದುಬಿಡುತ್ತದೆ. ಅದಕ್ಕೆ ಟೊಮೇಟೊವೂ ಅಂಟಿಲ್ಲ, ಮೊಸರೂ ಅಂಟಿಲ್ಲ. ಎಣ್ಣೆಯಲ್ಲಿ ತಿರುವಿದ ಕೂಡಲೇ ಮೇಲಿನ ಪದರ ಇಡಿಯಾಗಿ ಎದ್ದು ಬರುತ್ತದೆ. ಆದ್ದರಿಂದ ಮೈದಾದಲ್ಲಿ ಹೊರಳಿಸಿದ ಮೇಲೆ ಬಿಲ್ಲೆಯನ್ನು ಚೆನ್ನಾಗಿ ತಟ್ಟಿ ಕೊಡವಿ. ಕೈಯಲ್ಲಿ ಪೌಡರ್ ಸವರಿದಷ್ಟೇ ಉಳಿಯಬೇಕು. ಮೊಸರಿನಲ್ಲಿ ಅದ್ದಿದ ಮೇಲೂ ಹೆಚ್ಚಿನದು ತೊಟ್ಟಿಕ್ಕಿ ಹೋಗಲು ಬಿಡಿ. ಕಾರ್ನ್‌ಮೀಲ್ ತಟ್ಟೆಯಲ್ಲಿ ಮಾತ್ರ ಧಾರಾಳವಾಗಿರಿ, ಮೇಲಿಂದ ಹಿಟ್ಟು ಹಾಕಿ ಅಂಗೈಯಿಂದ ಒತ್ತಿ. ಒಂದು ಕೈ ಒಣ ಹಿಟ್ಟಿಗೆ, ಇನ್ನೊಂದು ಕೈ ಮೊಸರಿಗೆ ಎಂದು ಇಟ್ಟುಕೊಂಡರೆ ಬೆರಳಿಗೇ ಹಿಟ್ಟು ಮೆತ್ತಿಕೊಳ್ಳುವುದು ತಪ್ಪುತ್ತದೆ.

ಹಿಟ್ಟು ಹಚ್ಚಿದ ಬಿಲ್ಲೆಗಳನ್ನು ಕೂಡಲೇ ಎಣ್ಣೆಗೆ ಹಾಕಬೇಡಿ. ತಂತಿ ಜಾಲರಿಯ ಮೇಲೆ 10ರಿಂದ 15 ನಿಮಿಷ ಬಿಡಿ. ಕಾರ್ನ್‌ಮೀಲ್ ಒಳಗಿನ ಮೊಸರನ್ನು ಅಷ್ಟಿಷ್ಟು ಹೀರಿಕೊಂಡು ಪದರ ಕಚ್ಚಿಕೊಳ್ಳುತ್ತದೆ. ಹಿಟ್ಟು ಕಳಚುತ್ತದೆ ಎನ್ನುವವರಿಗೆ ನಾನು ಹೇಳುವ ಎಲ್ಲ ಮಾತಿನಲ್ಲಿ ಈ ಕಾಯುವಿಕೆಯೇ ದೊಡ್ಡದು. ಅರ್ಧ ಗಂಟೆಗಿಂತ ಜಾಸ್ತಿ ಬಿಟ್ಟರೆ ಮಾತ್ರ ಟೊಮೇಟೊ ಮತ್ತೆ ನೀರು ಬಿಡಲು ಶುರು ಮಾಡುತ್ತದೆ.

ಕರಾವಳಿ ಕಡೆಯವರಿಗೆ ಇದು ಹೊಸ ವಿದ್ಯೆಯಲ್ಲ. ಮೀನಿನ ರವಾ ಫ್ರೈ ಮಾಡುವಾಗ ಮಸಾಲೆ ಅಂಟಾಗಿ ಕೆಲಸ ಮಾಡುತ್ತದೆ, ಅದರ ಮೇಲೆ ರವೆ ಒತ್ತುತ್ತಾರೆ, ಕಾವಲಿಯ ಮೇಲೆ ಕಡಿಮೆ ಎಣ್ಣೆಯಲ್ಲಿ ಹುರಿಯುತ್ತಾರೆ. ಕ್ರಮ ಅದೇ. ಹಾಗಾಗಿ ಕಾರ್ನ್‌ಮೀಲ್ ಸಿಗದ ಊರಿನಲ್ಲಿರುವವರು ಚಿರೋಟಿ ರವೆಯಲ್ಲೂ ಮಾಡಬಹುದು, ಗರಿಗರಿಯೇ ಆಗುತ್ತದೆ. ಆದರೆ ಮೆಕ್ಕೆಜೋಳದ ನಸು ಸಿಹಿ ಈ ಹುಳಿ ಕಾಯಿಗೆ ಹೊಂದುವಷ್ಟು ರವೆ ಹೊಂದುವುದಿಲ್ಲ. ನಿಮಗೆ ಕೈಗೆಟುಕುವಲ್ಲೇ ಸಿಗುತ್ತಿರುವಾಗ ಮೊದಲ ಸಲ ಅದರಲ್ಲೇ ಮಾಡಿ ನೋಡಿ. ಇಂಡಿಯನ್ ಅಂಗಡಿಯ ಮೆಕ್ಕೆಜೋಳದ ಹಿಟ್ಟು ರೊಟ್ಟಿಗೆಂದು ನುಣ್ಣಗೆ ಬೀಸಿದ್ದು. ಅದನ್ನು ಬಳಸುವುದಾದರೆ ಅರ್ಧಕ್ಕರ್ಧ ಚಿರೋಟಿ ರವೆ ಬೆರೆಸಿಕೊಳ್ಳಿ.

ಮೊಟ್ಟೆ ಬೇಡದವರಿಗೆ ಗಟ್ಟಿ ಮೊಸರು ಅರ್ಧ ಕಪ್, ಹಾಲು ಎರಡು ದೊಡ್ಡ ಚಮಚ, ಜೊತೆಗೆ ನಿಮ್ಮ ಮನೆಯಲ್ಲಿರುವ ಆ ಕಾರ್ನ್ ಫ್ಲೋರ್ ಒಂದು ದೊಡ್ಡ ಚಮಚ. ಮೊಟ್ಟೆ ಇಲ್ಲಿ ಅಂಟಿನ ಕೆಲಸ ಮಾಡುತ್ತದೆ. ಬಿಸಿ ತಾಗಿದ ಕೂಡಲೇ ಗಟ್ಟಿಯಾಗಿ ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ಆ ಕೆಲಸವನ್ನು ಗಂಜಿಪುಡಿಯೂ ಮಾಡಬಲ್ಲದು. ಮೊಟ್ಟೆ ಇಲ್ಲದ ಬಿಲ್ಲೆಗಳನ್ನು ಪೂರ್ತಿ 15 ನಿಮಿಷ ಬಿಟ್ಟು, ಎಣ್ಣೆಯಲ್ಲಿ ಒಂದೇ ಸಲ ತಿರುವಿ. ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯಬಹುದಲ್ವಾ ಎಂದು ಕೇಳುವವರಿದ್ದಾರೆ. ಖಂಡಿತ ಕರಿಯಬಹುದು, ಅದು ಬಜ್ಜಿ. ಒಳ್ಳೆಯ ಬಜ್ಜಿಯೇ ಆಗುತ್ತದೆ. ಆದರೆ ಹಸಿ ಹಿಟ್ಟಿನ ದಪ್ಪ ಹೊದಿಕೆ ಹಬೆಯನ್ನು ಒಳಗೇ ಹಿಡಿಯುತ್ತದೆ, ಬೇಗ ಮೆತ್ತಗಾಗುತ್ತದೆ. ನೀವು ಪಕ್ಕದ ಮನೆಯಲ್ಲಿ ತಿಂದದ್ದು ಅದಲ್ಲ.

ಇನ್ನು ಎಣ್ಣೆ. ಗುಂಡು ತಳದ ಬಾಣಲೆ ಬೇಡ, ದಪ್ಪ ತಳದ ಅಗಲ ಪ್ಯಾನ್ ಬೇಕು. ಅಮೆರಿಕದ ದಕ್ಷಿಣದ ಮನೆಗಳಲ್ಲಿ ಇದಕ್ಕೆ ಬೀಡುಕಬ್ಬಿಣದ ಪ್ಯಾನೇ ಬಳಸುತ್ತಾರೆ, ಅದಕ್ಕೆ ಕಾರಣವಿದೆ. ತಣ್ಣಗಿನ ಬಿಲ್ಲೆಗಳು ಬಿದ್ದಾಗ ತೆಳು ಪಾತ್ರೆಯ ಎಣ್ಣೆ ತಟ್ಟನೆ ತಣಿಯುತ್ತದೆ, ಬೀಡಿನದು ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ರಿಫೈನ್ಡ್ ಕಡಲೆಕಾಯಿ ಎಣ್ಣೆ ಒಂದು ಸೆಂಟಿಮೀಟರ್ ಆಳಕ್ಕೆ ಹಾಕಿ. ಕಾವು 175ರಿಂದ 180 ಡಿಗ್ರಿ ಸೆಲ್ಸಿಯಸ್ ಇರಬೇಕು. ಅಲ್ಲಿನ ಥರ್ಮಾಮೀಟರ್‌ನಲ್ಲಿ ಸುಮಾರು 350 ಡಿಗ್ರಿ ಫ್ಯಾರನ್‌ಹೀಟ್. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಚಿಟಿಕೆ ಕಾರ್ನ್‌ಮೀಲ್ ಉದುರಿಸಿ. ಬಿದ್ದ ಕೂಡಲೇ ಚುರ್ ಎಂದು ನೊರೆ ಎದ್ದರೆ ಹದ. ಸುಮ್ನೆ ತಳಕ್ಕೆ ಇಳಿದರೆ ಇನ್ನೂ ಕಾಯಬೇಕು. ಬಿದ್ದ ಕ್ಷಣವೇ ಕಂದಾದರೆ ಜಾಸ್ತಿ ಕಾದಿದೆ.

ಬಿಲ್ಲೆಗಳು ಒಂದಕ್ಕೊಂದು ತಾಗದ ಹಾಗೆ ನಾಲ್ಕೈದು ಮಾತ್ರ ಹಾಕಿ. ಒಂದು ಬದಿಗೆ ಎರಡರಿಂದ ಮೂರು ನಿಮಿಷ. ಆ ಹೊತ್ತಿನಲ್ಲಿ ಕೆದಕಬೇಡಿ, ಪದರ ಗಟ್ಟಿಯಾಗಲು ಬಿಡಿ. ಅಂಚು ಹೊಂಬಣ್ಣಕ್ಕೆ ಬಂದ ಮೇಲೆ ಅಡಿಯಿಂದ ತೆಳು ಸೌಟು ತೂರಿಸಿ ತಿರುವಿ. ಇಕ್ಕಳದಿಂದ ಹಿಡಿದರೆ ಹಿಟ್ಟು ಒಡೆಯುತ್ತದೆ. ಎಣ್ಣೆಯ ಗುಳ್ಳೆಗಳ ಮೇಲೆ ಕಣ್ಣಿಡಿ. ಜೋರಾಗಿ ಗುಳ್ಳೆ ಬರುತ್ತಿದೆ ಎಂದರೆ ಹಬೆ ಹೊರಗೆ ಬರುತ್ತಿದೆ, ಆ ಹೊತ್ತಿಗೆ ಎಣ್ಣೆ ಒಳಗೆ ಹೋಗಲಾರದು. ಗುಳ್ಳೆ ಮಂದವಾದರೆ ಉರಿ ಹೆಚ್ಚಿಸಬೇಕು. ಒಂದು ಸುತ್ತು ಮುಗಿದ ಮೇಲೆ ಉದುರಿದ ಹಿಟ್ಟನ್ನು ಜಾಲರಿ ಸೌಟಿನಿಂದ ತೆಗೆದುಬಿಡಿ. ಇಲ್ಲದಿದ್ದರೆ ಅದು ಸೀದು ಮುಂದಿನ ಸುತ್ತಿಗೆ ಕಹಿ ಹತ್ತುತ್ತದೆ.

ಎಣ್ಣೆಯಿಂದ ತೆಗೆದ ಮೇಲಿನ ಒಂದು ನಿಮಿಷದ ಬಗ್ಗೆ ಯಾರೂ ಜಾಸ್ತಿ ಹೇಳುವುದಿಲ್ಲ, ಆದರೆ ಕರಿದ ತಿಂಡಿ ಎಣ್ಣೆ ಕುಡಿಯುವುದು ಬಹುಪಾಲು ಆಗಲೇ. ಹೊರಗೆ ಬಂದ ಬಿಲ್ಲೆ ತಣಿಯುತ್ತಿದ್ದಂತೆ ಒಳಗಿನ ಹಬೆ ಕುಗ್ಗುತ್ತದೆ, ಮೇಲೆ ಅಂಟಿರುವ ಎಣ್ಣೆ ಒಳಕ್ಕೆ ಎಳೆದುಕೊಳ್ಳುತ್ತದೆ. ಹಾಗಾಗಿ ತೆಗೆಯುವಾಗಲೇ ಪ್ಯಾನಿನ ಮೇಲೆ ಬಿಲ್ಲೆಯನ್ನು ಓರೆಯಾಗಿ ಹಿಡಿದು ಎಣ್ಣೆ ಸೋರಿಸಿ. ಪೇಪರಿನ ಮೇಲೆ ಒಂದೆರಡು ಕ್ಷಣ ಇಟ್ಟು, ಕೂಡಲೇ ತಂತಿ ಜಾಲರಿಗೆ ವರ್ಗಾಯಿಸಿ. ಪೇಪರಿನ ಮೇಲೇ ಬಿಟ್ಟರೆ ಅಡಿಯಿಂದ ಬಂದ ಹಬೆ ಅಲ್ಲೇ ನೀರಾಗಿ ಕೆಳಮುಖ ಮೆತ್ತಗಾಗುತ್ತದೆ. ಒಂದರ ಮೇಲೊಂದು ಪೇರಿಸಬೇಡಿ, ಮುಚ್ಚಳ ಮುಚ್ಚಲೇಬೇಡಿ. ಎಲ್ಲರಿಗೂ ಒಟ್ಟಿಗೆ ಬಡಿಸಬೇಕಿದ್ದರೆ ಜಾಲರಿ ಸಮೇತ 95 ಡಿಗ್ರಿ ಸೆಲ್ಸಿಯಸ್ ಅವನ್ನಿನಲ್ಲಿಡಿ, 20 ನಿಮಿಷ ಹಾಳಾಗದು. ಬಿಸಿ ಇರುವಾಗಲೇ ಮೇಲೊಂದು ಚಿಟಿಕೆ ಉಪ್ಪು.

ಏರ್ ಫ್ರೈಯರ್‌ನಲ್ಲಿ ಆಗುತ್ತದೆಯೇ ಎಂದು ನೀವು ಕೇಳಿಲ್ಲ, ಆದರೆ ಮುಂದೆ ಕೇಳುತ್ತೀರಿ. ಆಗುತ್ತದೆ, ಅದೇ ರುಚಿ ಬರುವುದಿಲ್ಲ. ಕಾರ್ನ್‌ಮೀಲ್‌ಗೆ ಎಣ್ಣೆ ತಾಗದಿದ್ದರೆ ಹಸಿ ಹಿಟ್ಟಾಗಿಯೇ ಉಳಿದು ಬಾಯಲ್ಲಿ ಪುಡಿಪುಡಿ ಎನ್ನಿಸುತ್ತದೆ. ಅಲ್ಲಿ ಅರ್ಧ ಕಾರ್ನ್‌ಮೀಲ್, ಅರ್ಧ ಪಾಂಕೊ ಬ್ರೆಡ್ ಪುಡಿ ಬೆರೆಸಿ, ಎರಡೂ ಬದಿಗೆ ಎಣ್ಣೆ ಸಿಂಪಡಿಸಿ, 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಣ್ಣ ಬರುವವರೆಗೆ ಇಡಿ.

ನಿಮ್ಮ ಅತ್ತೆಯವರ ಮಾತಿಗೆ ಆಧಾರ ಇಲ್ಲದಿಲ್ಲ. ಟೊಮೇಟೊ ಗಿಡದಲ್ಲಿ, ಕಾಯಿಯಲ್ಲಿ ಟೊಮಾಟಿನ್ ಎಂಬ ಕಹಿ ವಸ್ತು ಇರುತ್ತದೆ. ಕೀಟ, ಬೂಷ್ಟುಗಳಿಂದ ಗಿಡ ತನ್ನನ್ನು ಕಾಪಾಡಿಕೊಳ್ಳುವ ಬಗೆ ಅದು. ಎಳೆ ಕಾಯಿಯಲ್ಲಿ ಜಾಸ್ತಿ, ಬಲಿತಂತೆ ಕಡಿಮೆ, ಹಣ್ಣಾದಾಗ ತೀರ ಅಲ್ಪ. ಊಟದ ಜೊತೆ ನಾಲ್ಕಾರು ಬಿಲ್ಲೆ ತಿಂದರೆ ಆರೋಗ್ಯವಂತರಿಗೆ ಏನೂ ಆಗುವುದಿಲ್ಲ. ನಮ್ಮಲ್ಲೂ ಟೊಮೇಟೊ ಕಾಯಿಯ ಚಟ್ನಿ, ಗೊಜ್ಜು ಮಾಡಿಕೊಂಡೇ ಬಂದಿದ್ದೇವೆ ಎಂದು ಅವರಿಗೆ ಹೇಳಿ. ಗಿಡದ ಎಲೆ, ಕಾಂಡಗಳನ್ನು ಮಾತ್ರ ತಿನ್ನಬಾರದು. ತುಂಬ ಕಹಿ ಎನ್ನಿಸಿದ ಎಳೆ ಕಾಯಿಯನ್ನು ಬಿಟ್ಟುಬಿಡುವುದು ಒಳ್ಳೆಯದು.

ಇದನ್ನು ಅಮೆರಿಕದ ದಕ್ಷಿಣ ಸೀಮೆಯ ಹಳೆಯ ತಿಂಡಿ ಎಂದೇ ಎಲ್ಲರೂ ನಂಬಿದ್ದಾರೆ. ಆದರೆ ಸೌತ್ ಕೆರೊಲಿನಾದ ಆಹಾರ ಇತಿಹಾಸಕಾರ ರಾಬರ್ಟ್ ಮಾಸ್ ಹಳೆಯ ಪತ್ರಿಕೆ, ಅಡುಗೆ ಪುಸ್ತಕಗಳನ್ನು ಹುಡುಕಿ ಬೇರೆಯೇ ಚಿತ್ರ ಕೊಟ್ಟಿದ್ದಾರೆ. ಮೊದಲಿನ ಪಾಕಗಳು ಕಾಣುವುದು ಜಾಸ್ತಿಯಾಗಿ ಉತ್ತರ ಮತ್ತು ಮಧ್ಯಪಶ್ಚಿಮ ರಾಜ್ಯಗಳಲ್ಲಿ. 1991ರಲ್ಲಿ ಇದೇ ಹೆಸರು ಹೊತ್ತ ಹಾಲಿವುಡ್ ಚಿತ್ರವೊಂದು ಬಂದ ಮೇಲೆ ದಕ್ಷಿಣದ ಗುರುತಾಗಿ ಇದು ಎಲ್ಲೆಡೆ ಹಬ್ಬಿತು. ಅಲಬಾಮಾದ ಐರನ್‌ಡೇಲ್‌ನಲ್ಲಿ ರೈಲು ಹಳಿಯ ಬಳಿಯಿರುವ ಕೆಫೆಗೆ ಜನ ಇದನ್ನು ತಿನ್ನಲೆಂದೇ ಹೋಗುತ್ತಾರೆ. ಮಾಸ್ ಹೇಳುವುದು ನನಗೆ ಸರಿ ಎನ್ನಿಸುತ್ತದೆ, ಏಕೆಂದರೆ ಬೇಸಿಗೆ ಚಿಕ್ಕದಾಗಿರುವ ಕಡೆಯಲ್ಲೇ ಕಾಯಿಗಳು ಗಿಡದಲ್ಲಿ ಹೆಚ್ಚಾಗಿ ಉಳಿಯುವುದು. ಕಷ್ಟಪಟ್ಟು ಬೆಳೆದದ್ದು ಹಿಮಕ್ಕೆ ಹಾಳಾಗಬಾರದು ಎನ್ನುವ ಮನೆಯಲ್ಲಿ ಹುಟ್ಟುವ ತಿಂಡಿ ಇದು. ನೀವೀಗ ಮಾಡಹೊರಟಿರುವುದೂ ಅದಕ್ಕೇ ಅಲ್ವಾ!

ಜೊತೆಗೆ ನಂಜಿಕೊಳ್ಳಲು ಏನಾದರೂ ತಣ್ಣಗಿನದು, ಕೆನೆಯಂಥದ್ದು ಬೇಕು. ನ್ಯೂ ಆರ್ಲಿಯನ್ಸ್‌ನಲ್ಲಿ ಅಪ್ಪರ್‌ಲೈನ್ ಹೋಟೆಲ್ ನಡೆಸುತ್ತಿದ್ದ ಜೋಆನ್ ಕ್ಲೆವೆಂಜರ್ ಇದರ ಮೇಲೆ ಸಿಗಡಿ ಮತ್ತು ರೆಮೊಲಾಡ್ ಸಾಸ್ ಹಾಕಿ ಬಡಿಸಿದರು, ಅದು ಆ ಊರಿನ ಮೆಚ್ಚಿನ ತಟ್ಟೆಯಾಯಿತು. ಮನೆಯಲ್ಲಿ ಮಾಡಲು ಮೇಯನೇಸ್‌ಗೆ ಸಾಸಿವೆ ಪೇಸ್ಟ್, ಸಣ್ಣಗೆ ಹೆಚ್ಚಿದ ಉಪ್ಪಿನ ಸೌತೆ, ಬೆಳ್ಳುಳ್ಳಿ, ಖಾರದ ಪುಡಿ, ನಿಂಬೆರಸ ಬೆರೆಸಿದರೆ ರೆಮೊಲಾಡ್‌ಗೆ ಹತ್ತಿರವಾಗುತ್ತದೆ. ಮೊಟ್ಟೆ ಇಲ್ಲದ ಮೇಯನೇಸ್ ಸಿಗುತ್ತದೆ. ಅಲ್ಲಿನ ಪಾಕಗಳಲ್ಲಿ ವೂಸ್ಟರ್‌ಶೈರ್ ಸಾಸ್ ಎಂದಿದ್ದರೆ ಸಸ್ಯಾಹಾರಿಗಳು ಎಚ್ಚರ, ಸಾಮಾನ್ಯವಾಗಿ ಅದರಲ್ಲಿ ಮೀನು ಇರುತ್ತದೆ. ಬಿಸಿ ಅನ್ನ, ತಿಳಿ ಸಾರಿನ ಪಕ್ಕದಲ್ಲಿ ಬರೀ ಬಿಲ್ಲೆಗಳನ್ನು ಇಟ್ಟುಕೊಂಡರೂ ಚೆನ್ನಾಗಿಯೇ ಇರುತ್ತದೆ.

ಉಳಿದ ಕಾಯಿಗಳ ಬಗ್ಗೆ ಎರಡು ಮಾತು. ಎಲ್ಲವನ್ನೂ ಒಂದೇ ದಿನ ಕರಿಯಬೇಕಿಲ್ಲ. ಬಲಿತ ಕಾಯಿಯನ್ನು ಮನೆಯೊಳಗೆ 18ರಿಂದ 21 ಡಿಗ್ರಿಯಲ್ಲಿ, ಪೇಪರ್ ಚೀಲದಲ್ಲಿ ಒಂದು ಬಾಳೆಹಣ್ಣಿನ ಜೊತೆ ಇಟ್ಟರೆ ನಿಧಾನವಾಗಿ ಹಣ್ಣಾಗುತ್ತದೆ. ಎಳೆಯದು ಹಣ್ಣಾಗುವುದಿಲ್ಲ, ಸುಕ್ಕುಗಟ್ಟುತ್ತದೆ. ಅದನ್ನು ಗೊಜ್ಜಿಗೆ ಬಳಸಿ. ಕರಿಯಲೆಂದೇ ಎತ್ತಿಡಬೇಕಿದ್ದರೆ ಕಾಲು ಇಂಚು ದಪ್ಪಕ್ಕೆ ಕೊಯ್ದು, ಬಿಲ್ಲೆಗಳ ನಡುವೆ ಫ್ರೀಜರ್ ಕಾಗದ ಇಟ್ಟು ಡಬ್ಬಿಯಲ್ಲಿ ಫ್ರೀಜ್ ಮಾಡಬಹುದು. ಆಮೇಲೆ ಕರಗಿಸಿದಾಗ ನೀರು ಜಾಸ್ತಿ ಬಿಡುತ್ತದೆ, ಎರಡರಷ್ಟು ಒರೆಸಬೇಕು. ನಿಮ್ಮ ಕಡೆ ಅಕ್ಟೋಬರ್ ಕೊನೆ, ನವೆಂಬರ್ ಮೊದಲಲ್ಲಿ ಹಿಮ (ರಾತ್ರಿ ಇಬ್ಬನಿ ಹೆಪ್ಪುಗಟ್ಟುವ ಫ್ರಾಸ್ಟ್) ಬೀಳುವ ಸಂಭವ ಇರುತ್ತದೆ. ಮುನ್ಸೂಚನೆ ಕಂಡ ಸಂಜೆಯೇ ಎಲ್ಲ ಕಾಯಿಗಳನ್ನೂ ಕಿತ್ತು ಒಳಗೆ ತನ್ನಿ. ಹಿಮ ತಾಗಿ ನೀರು ತುಂಬಿದಂತೆ ಮಸುಕಾದ ಕಾಯಿ ಕರಿಯಲೂ ಬಾರದು, ಇಡಲೂ ಬಾರದು.